ಒಂದು ಬುತ್ತಿಯ ದಾರಿ

ನಮ್ಮ ಅಳವಂಡಿಯಲ್ಲಿ ಆಗ ದೂರವನ್ನು ಮೈಲಿಯಲ್ಲಿ ಹೇಳುತ್ತಿರಲಿಲ್ಲ, ಬುತ್ತಿಯಲ್ಲಿ ಹೇಳುತ್ತಿದ್ದರು. ಒಂದು ದಿನದ ಪ್ರಯಾಣಕ್ಕೆ ಒಂದು ಬುತ್ತಿ. ಕೊಪ್ಪಳಕ್ಕೆ ಹೋಗಿ ಬರಲು ಅಷ್ಟು ಸಾಕು. ಅಪ್ಪ ಅರಳೆ ಗಿರಣಿಯ ಕೆಲಸಕ್ಕೆ ಕರಾಚಿಗೆ ಹೊರಟಾಗ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಐದು ಗಂಟು ಕಟ್ಟಿದ್ದಳು. ರೈಲಿನಲ್ಲಿ ಐದು ದಿನ. ಹೀಗಾಗಿ ನಮ್ಮ ಮನೆಯಲ್ಲಿ ಕರಾಚಿ ಎಂದರೆ ಐದು ಬುತ್ತಿಯ ದಾರಿ.

ಮೂವತ್ತರ ದಶಕದ ಮೊದಲ ವರ್ಷಗಳು. ನನಗೆ ಒಂಬತ್ತು ತುಂಬಿತ್ತು. ಅವ್ವ ಹಾಸಿಗೆ ಹಿಡಿದಳು, ಜ್ವರ ಇಳಿಯಲೇ ಇಲ್ಲ. ಹಕೀಮರು ನನ್ನ ಸೋದರಮಾವನನ್ನು ಅಂಗಳಕ್ಕೆ ಕರೆದು, "ಆಕಿ ಗಂಡನ್ನ ಲಗೂನ ಕರೆಸ್ರಿ" ಎಂದರು. ತಾರು ಕೊಡಲು ಅವ್ವನೇ ಬಿಡಲಿಲ್ಲ. ಆ ಕಾಲಕ್ಕೆ ತಾರು ಬಂತೆಂದರೆ ಯಾರೋ ಸತ್ತರೆಂದೇ ಅರ್ಥ. "ಅದನ್ನ ನೋಡಿದ್ರ ಅವರ ಎದಿ ಒಡದೀತು" ಎಂದಳು. ಮಾವ ಕೊಪ್ಪಳಕ್ಕೆ ಹೋಗಿ ಪತ್ರ ಹಾಕಿ ಬಂದ.

"ಬಳ್ಳಾರಿಗೆ ಈಗ ವಿಮಾನ ಬರ್ತೈತಂತ. ಸಾವಿರ ಮೈಲಿ, ಹನ್ನೆರಡು ತಾಸಿನಾಗ ಕರಾಚಿ! ನಮ್ಮ ಟಪಾಲು ಅದರಾಗ ಹೋಗ್ತೈತಿ" ಎಂದು ಪಡಸಾಲೆಯಲ್ಲಿ ಹೇಳಿದ.

ವಿಮಾನದಲ್ಲಿ ಹೋಗುವುದು ಪತ್ರ ಮಾತ್ರ ಎಂದು ತಿಳಿದೂ ಟಪಾಲು ಎಂಬ ಮಾತನ್ನು ನಾನು ಬೇಕೆಂದೇ ನುಂಗಿದೆ. ಒಳಗೆ ಓಡಿಹೋಗಿ, "ಅವ್ವಾ, ಅಪ್ಪ ವಿಮಾನದಾಗ ಬರ್ತಾನ. ಈಗ ಕರಾಚಿ ಒಂದ ಬುತ್ತಿ ದಾರಿ" ಎಂದೆ. ಎಷ್ಟೋ ದಿನದ ಮೇಲೆ ಅವ್ವ ನಕ್ಕಳು. ಆ ನಗುವಿಗಾಗಿಯೇ ಹೇಳಿದ್ದು. ಏನೋ ದೊಡ್ಡ ಜಾಣೆ ಎಂದು ಬೀಗಿದೆ ಬೇರೆ.

ಬಳ್ಳಾರಿಗೆ ಹೋಗಿ ವಿಮಾನ ಹತ್ತಿ ಪತ್ರ ಮುಟ್ಟಲು ಮೂರು ದಿನ, ಅಪ್ಪ ಬರಲು ಒಂದು ದಿನ ಎಂದು ಅವ್ವ ಎಣಿಸಿಕೊಂಡಳು. ನಾಲ್ಕನೆಯ ದಿನ ತಲೆ ಬಾಚಿಸಿಕೊಂಡು ಗೋಡೆಗೆ ಒರಗಿ ಕೂತಳು. ಬಾಗಿಲು ಸಪ್ಪಳವಾದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುವಳು. ಐದನೆಯ ದಿನ ಗಂಜಿ ಬೇಡವೆಂದಳು. ಆಗಲಾದರೂ ನಿಜ ಹೇಳಬಹುದಿತ್ತು. ಮಾವ ಬೈದಾನೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ಐದು ಬುತ್ತಿ ಇದ್ದಾಗ ದೂರ ಐತಿ ಅಂತ ತಡಕೊಂಡೆ. ಈಗ ಒಂದ ಬುತ್ತಿ. ಅಷ್ಟಕ್ಕೂ ಅವರಿಗೆ ಮನಸ್ಸಾಗಲಿಲ್ಲ" ಎಂದು ಗೋಡೆಯ ಕಡೆ ಹೊರಳಿದಳು. ಆರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟಳು.

ಅಪ್ಪ ಒಂಬತ್ತನೆಯ ದಿನ ಬಂದ. ಪತ್ರ ಕೈಗೆ ಬಂದ ದಿನವೇ ಸಿಕ್ಕ ರೈಲು ಹತ್ತಿದ್ದ. ಐದು ದಿನ ಕೂತೇ ಬಂದು ಕಾಲು ಬಾತಿದ್ದವು. ಅವ್ವನಿಗೆಂದು ತಂದ ಖರ್ಜೂರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ನನ್ನನ್ನು ಹತ್ತಿರ ಕರೆದು ಕೇಳಿದ.

"ನಾ ದಾರ್ಯಾಗ ಅದೀನಿ ಅಂತ ನಿಮ್ಮವ್ವಗ ಗೊತ್ತಿತ್ತಲ್ಲ?"

"ಗೊತ್ತಿತ್ತು" ಎಂದೆ.

ಅಪ್ಪ ಅದನ್ನೇ ನಂಬಿಕೊಂಡು ಮುಂದೆ ಮೂವತ್ತು ವರ್ಷ ಬದುಕಿದ. ನಾನು ಒಮ್ಮೆಯೂ ತಿದ್ದಲಿಲ್ಲ.