ಪೆಡಲ್ ಒತ್ತುವವಳು

ಹೆದ್ದಾರಿಯ ಪಕ್ಕದ ಆ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುತ್ತಿರಲಿಲ್ಲ, ಬಣ್ಣ ಹೊಡೆಯುತ್ತಿರಲಿಲ್ಲ, ಪಂಕ್ಚರ್ ಕೂಡ ಹಾಕುತ್ತಿರಲಿಲ್ಲ. ಬ್ರೇಕ್ ಮಾತ್ರ. ಅದರಲ್ಲೂ ಹೆಚ್ಚಾಗಿ ಮನೆಗಾಡಿಗಳ ಬ್ರೇಕ್. ಮನೆಗಾಡಿ ಎಂದರೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಕಕ್ಕಸು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊರೂರು ತಿರುಗುವ ಮೋಟಾರ್‌ಹೋಮ್. ವರ್ಷದಲ್ಲಿ ಎಂಟು ತಿಂಗಳು ಅಂಗಳದಲ್ಲಿ ಬಿದ್ದುಕೊಂಡಿರುತ್ತದೆ. ರಜೆ ಬಂದ ಕೂಡಲೇ ಸಂಸಾರವನ್ನು ತುಂಬಿಕೊಂಡು ಬೆಟ್ಟ ಹತ್ತಲು ಹೊರಡುತ್ತದೆ. ನಿಂತ ಗಾಡಿಯ ಚಕ್ರದೊಳಗಿನ ಡ್ರಮ್ಮಿಗೆ ತುಕ್ಕು ಹಿಡಿಯುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಕುಡಿದು ಸತ್ವ ಕಳೆದುಕೊಳ್ಳುತ್ತದೆ. ಹತ್ತುವಾಗ ಇದು ಯಾರಿಗೂ ತಿಳಿಯುವುದಿಲ್ಲ. ಇಳಿಯುವಾಗ ತಿಳಿಯುತ್ತದೆ.

"ಹತ್ತಿಸೋದು ಇಂಜಿನ್ನು. ಇಳಿಸಿ ಮನೆ ಸೇರಿಸೋದು ನಾನು" ಎಂದು ಆ ಗ್ಯಾರೇಜಿನ ಮೇಸ್ತ್ರಿ ಹೇಳುತ್ತಿದ್ದ. ಅವನು ಆಡುತ್ತಿದ್ದ ದೊಡ್ಡ ಮಾತು ಅದೊಂದೇ. ಉಳಿದಂತೆ ಮಾತು ಕಡಿಮೆ, ಸಿಡುಕು ಹೆಚ್ಚು.

ಬ್ರೇಕಿನ ಕೆಲಸ ಬಹುಪಾಲು ಒಬ್ಬನೇ ಮಾಡಬಹುದಾದದ್ದು. ಚಕ್ರ ಬಿಚ್ಚುವುದು, ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ಎಷ್ಟು ಸವೆದಿದೆ ಎಂದು ನೋಡುವುದು, ಪೈಪಿನ ಉದ್ದಕ್ಕೂ ಬೆರಳಾಡಿಸಿ ಬಿರುಕು ಹುಡುಕುವುದು, ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿಯುವುದು. ಕೊನೆಯಲ್ಲಿ ಏರ್ ತೆಗೆಯುವ ಹೊತ್ತಿಗೆ ಮಾತ್ರ ಇಬ್ಬರು ಬೇಕು. ಒಬ್ಬರು ಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಚಕ್ರದ ಹಿಂದಿನ ಪುಟ್ಟ ತಿರುಪನ್ನು ಸಡಿಲಿಸಿ, ಹಳೆಯ ಆಯಿಲನ್ನೂ ಅದರೊಳಗೆ ಸೇರಿಕೊಂಡ ಗಾಳಿಯನ್ನೂ ಬಾಟಲಿಗೆ ಬಿಡಬೇಕು. ತಿರುಪು ಮತ್ತೆ ಬಿಗಿಯಾಗುವ ತನಕ ಮೇಲಿನವರ ಕಾಲು ಕದಲಕೂಡದು. ಕದಲಿದರೆ ಹೊರಗಿನ ಗಾಳಿ ಒಳಗೆ. ಗಾಳಿ ಹೊಕ್ಕ ಬ್ರೇಕ್ ಒತ್ತಿದರೆ ಹತ್ತಿಮೂಟೆ ಒದ್ದ ಹಾಗೆ.

ಮೂವತ್ತೊಂದು ವರ್ಷ ಆ ಪೆಡಲ್ ಒತ್ತಿದವಳು ಮೇಸ್ತ್ರಿಯ ಹೆಂಡತಿ. ಕುಳ್ಳಗಿನ ಹೆಂಗಸು, ಬೆನ್ನಿಗೊಂದು ದಿಂಬು ಕೊಟ್ಟುಕೊಳ್ಳದಿದ್ದರೆ ಕಾಲು ಎಟುಕುತ್ತಿರಲಿಲ್ಲ. ಗ್ಯಾರೇಜಿನ ಹಿಂಭಾಗದ ಎರಡು ಕೋಣೆಗಳೇ ಅವರ ಮನೆ. ಮಕ್ಕಳಾಗಲಿಲ್ಲ, ಅದರ ಬಗ್ಗೆ ಇಬ್ಬರೂ ಜನರ ಮುಂದೆ ಮಾತಾಡಿದವರಲ್ಲ. ಮನೆಯೊಳಗೆ ಎದುರುಬದುರು ಕೂತಾಗ ಅವರಲ್ಲಿ ಮಾತೇ ಹುಟ್ಟುತ್ತಿರಲಿಲ್ಲ. ಅವಳು ಸೀಟಿನಲ್ಲಿ, ಅವನು ಗಾಡಿಯಡಿ, ನಡುವೆ ಮೂರು ಟನ್ ಕಬ್ಬಿಣ. ಆಗ ಮಾತು ಬರುತ್ತಿತ್ತು.

"ಒತ್ತು."

"ಒತ್ತಿದೆ."

"ಹಿಡಿ."

"ಹಿಡಿದಿದೀನಿ. ನಿಮ್ಮ ತಂಗಿ ಫೋನ್ ಮಾಡಿದ್ಲು. ಇಂಥ ಮನುಷ್ಯನ ಜೊತೆ ಹೇಗೆ ಬಾಳ್ತೀಯ ಅತ್ತಿಗೆ ಅಂತ ಕೇಳಿದ್ಲು."

"ನೀನೇನಂದೆ?"

"ಅವರು ಕೆಳಗಿರ್ತಾರೆ, ನಾನು ಮೇಲಿರ್ತೀನಿ, ಹೇಗೋ ನಡೀತಿದೆ ಅಂದೆ."

"ಬಿಡು."

"ಬಿಟ್ಟೆ. ನಗೋದಾದ್ರೆ ಜೋರಾಗೇ ನಗಿ. ಅಲ್ಲಿ ಯಾರು ನೋಡ್ತಾರೆ."

ಜಗಳ ಶುರುವಾಗುತ್ತಿದ್ದದ್ದೂ ಮುಗಿಯುತ್ತಿದ್ದದ್ದೂ ಅಲ್ಲೇ. ಅವನ ತಾಯಿ ತೀರಿಹೋದಾಗ ಅವನು ಎರಡು ಮಾತು ಆಡಿದ್ದೂ ಅಲ್ಲೇ, ಬಲಗಡೆಯ ಹಿಂದಿನ ಚಕ್ರಕ್ಕೂ ಎಡಗಡೆಯದಕ್ಕೂ ನಡುವೆ.

ಮೇಸ್ತ್ರಿಗೆ ಒಂದು ಕಟ್ಟುಪಾಡಿತ್ತು. ಯಾವ ಭಾಗ ಬದಲಾಯಿಸಿದರೂ ಹಳೆಯದನ್ನು ಬಿಚ್ಚಿ, ಎಲ್ಲಿ ಕೆಟ್ಟಿದೆ ಎಂದು ಮಾಲೀಕನಿಗೆ ತೋರಿಸಬೇಕು. ತೋರಿಸಲಾಗದಿದ್ದರೆ ಬದಲಾಯಿಸಬಾರದು. ಅದೊಂದು ಸಲ, ಬೇಸಿಗೆ ರಜೆಯ ಆರಂಭದಲ್ಲಿ, ಆ ಕಟ್ಟುಪಾಡು ತಪ್ಪಿತು. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರ ಗಾಡಿ. ಎಲ್ಲ ಮುಗಿದು ಏರ್ ತೆಗೆಯುವಾಗ ಆಯಿಲ್ ಚಿಮ್ಮುವ ಬದಲು ಸೋರುತ್ತಿತ್ತು.

"ಗಟ್ಟಿಯಾಗಿ ಒತ್ತೇ."

"ಒತ್ತಿದೀನಿ ರೀ. ಇನ್ನೂ ಒತ್ತಿದ್ರೆ ನಿಮ್ಮ ಮೇಲೇ ಬಂದು ಬೀಳ್ತೀನಿ."

ಅವನು ನಂಬಿದ. ಜಗತ್ತಿನ ಯಾವ ಕಬ್ಬಿಣವನ್ನಾದರೂ ಅನುಮಾನಿಸುವ ಮನುಷ್ಯನಿಗೆ ಆ ಕಾಲನ್ನು ಅನುಮಾನಿಸಬೇಕೆಂದು ಹೊಳೆಯಲಿಲ್ಲ. ಕಾಲು ಸರಿಯಿದ್ದರೆ ತಪ್ಪು ಪೆಡಲಿನ ಹಿಂದೆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನದೇ ಆಗಿರಬೇಕು. ಹೊಸದು ತರಿಸಿ ಹಾಕಿದ. ಈ ಸಲ ಆಯಿಲ್ ಚೆನ್ನಾಗಿ ಬಂತು. ಅವಳು ಸ್ಟೀರಿಂಗಿಗೆ ಜೋತುಬಿದ್ದು, ಎರಡೂ ಕಾಲು ಸೇರಿಸಿ, ತುಟಿ ಕಚ್ಚಿ ಒತ್ತಿದ್ದು ಕೆಳಗಿದ್ದವನಿಗೆ ಕಾಣಲಿಲ್ಲ. ಹಳೆಯ ಸಿಲಿಂಡರನ್ನು ಬಿಚ್ಚಲು ಕೈಗೆತ್ತಿಕೊಂಡಾಗ ಅವಳು, "ಹೊರಗೆ ಮೂರು ಗಾಡಿ ಕಾಯ್ತಿವೆ, ಅದನ್ನ ನಾಳೆ ಬಿಚ್ಚಿದ್ರಾಯ್ತು" ಎಂದಳು. ನಾಳೆ ಬರಲಿಲ್ಲ. ಗಾಡಿಯನ್ನು ಗ್ಯಾರೇಜಿನ ಹಿಂದಿನ ಇಳಿಜಾರಿನಲ್ಲಿ ಎರಡು ಸಲ ತಾನೇ ಓಡಿಸಿ ನೋಡಿದ. ಬ್ರೇಕ್ ಕಲ್ಲಿನ ಹಾಗಿತ್ತು. ಪೋಸ್ಟ್‌ಮಾಸ್ಟರ್ ಹೊರಟುಹೋದರು.

ಮೂರು ತಿಂಗಳ ಮೇಲೆ ಇನ್ನೊಂದು ಗಾಡಿಗೆ ಅದೇ ಆಯಿತು. ಅದಕ್ಕೂ ಹೊಸ ಸಿಲಿಂಡರ್. ಈ ನಡುವೆ ಅವಳು ಹಿತ್ತಲಿನ ಎರಡು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದ್ದಳು. ಕೆಲವು ತಿಂಗಳ ಮೇಲೆ ಅವನು ಕೇಳಿದ್ದಕ್ಕೆ, ಚಪ್ಪಲಿ ಸವೆದು ಜಾರುತ್ತದೆ ಎಂದಳು. ಅವನು ಹೊಸ ಚಪ್ಪಲಿ ತಂದುಕೊಟ್ಟ.

ಚಳಿಗಾಲದ ರಜೆ ಹತ್ತಿರ ಬಂದಾಗ ಮೂರನೆಯ ಗಾಡಿ ಬಂತು. ಹೊಸ ಸಿಲಿಂಡರ್ ಹಾಕಿದ ಮೇಲೂ ಆಯಿಲ್ ಸೋರುವುದು ತಪ್ಪಲಿಲ್ಲ. ಗುಳ್ಳೆಗಳು ಬರುತ್ತಲೇ ಇದ್ದವು. ಮೇಸ್ತ್ರಿ ಸಿಟ್ಟಿನಿಂದ ಸಿಲಿಂಡರಿನ ಖಾಲಿ ಡಬ್ಬ ಹಿಡಿದುಕೊಂಡು ಬಿಡಿಭಾಗದ ಅಂಗಡಿಗೆ ಹೋದ. ಅಂಗಡಿಯವನು ಅವನ ಭಾಮೈದ, ಹೆಂಡತಿಯ ತಮ್ಮ. ನಾಲಿಗೆ ಸ್ವಲ್ಪ ಉದ್ದ.

"ಏನು ಮಾಲು ಕೊಡ್ತೀಯೋ ನೀನು? ಹೊಸದೂ ಕೆಟ್ಟಿದೆ."

"ಭಾವ, ಮೂರು ಗಾಡಿ, ಮೂರು ಬೇರೆ ಕಂಪನಿ. ಮೂರಕ್ಕೂ ಒಂದೇ ರೋಗ ಬರೋಕೆ ಇದೇನು ಸಿಡುಬೇ? ಬೇರೆ ಯಾವ ಗ್ಯಾರೇಜಿನಿಂದಲೂ ದೂರು ಬಂದಿಲ್ಲ. ನಿಮ್ಮಲ್ಲೇ ಏನೋ ಇದೆ ನೋಡಿಕೊಳ್ಳಿ."

"ನನ್ನಲ್ಲೇನಿರುತ್ತೆ?"

"ನನಗೇನು ಗೊತ್ತು. ಅಕ್ಕನ್ನ ಕೇಳಿ, ಉದ್ದದ ಪಟ್ಟಿ ಕೊಡ್ತಾಳೆ."

ಭಾಮೈದ ತಮಾಷೆಗೆ ಆಡಿದ ಮಾತು. ಆದರೆ ಅದರಲ್ಲಿ ಲೆಕ್ಕ ಸರಿಯಿತ್ತು. ಮೂರು ಗಾಡಿಗೂ ಸಮಾನವಾದದ್ದು ಯಾವುದು ಎಂದು ದಾರಿಯುದ್ದಕ್ಕೂ ಯೋಚಿಸಿದ. ತನ್ನ ಸ್ಪ್ಯಾನರ್, ತನ್ನ ರಬ್ಬರ್ ಪೈಪು, ತನ್ನ ಬಾಟಲಿ. ಬಂದವನೇ ಪೈಪು ಬದಲಾಯಿಸಿದ, ಬಾಟಲಿ ಬದಲಾಯಿಸಿದ. ಆಯಿಲ್ ಮತ್ತೆ ಸೋರಿತು.

"ಇಳಿ ಸ್ವಲ್ಪ" ಎಂದ.

"ಯಾಕೆ?"

"ಇಳಿಯೇ."

ಅವಳು ಇಳಿಯಲು ತುಂಬ ಹೊತ್ತು ತೆಗೆದುಕೊಂಡಳು. ಅವನು ಸೀಟಿಗೆ ಹತ್ತಿ, ಪೆಡಲನ್ನು ನಾಲ್ಕಾರು ಸಲ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಮರದ ತುಂಡನ್ನು ಬಿಗಿಯಾಗಿ ಆನಿಸಿ ಕೆಳಗೆ ಬಂದ. ಗಾಡಿಯಡಿ ನುಸುಳಿ ತಿರುಪು ಸಡಿಲಿಸಿದ. ಆಯಿಲ್ ಬಾಟಲಿಯ ತಳಕ್ಕೆ ರಪ್ಪನೆ ಹೊಡೆಯಿತು.

ತಿರುಪು ಬಿಗಿದು ಅಲ್ಲೇ ಮಲಗಿದ್ದ. ಆ ಜಾಗದಿಂದ ಅವನಿಗೆ ಕಾಣುತ್ತಿದ್ದದ್ದು ಗಾಡಿಯ ಪಕ್ಕದಲ್ಲಿ ನಿಂತ ಅವಳ ಪಾದಗಳು ಮಾತ್ರ. ಅವನೇ ತಂದ ಚಪ್ಪಲಿ, ತಂದು ಇನ್ನೂ ತಿಂಗಳಾಗಿರಲಿಲ್ಲ. ಎಡಗಾಲಿನದು ಹೊಸದಾಗಿಯೇ ಇತ್ತು. ಬಲಗಾಲಿನದರ ತುದಿ, ಹೆಬ್ಬೆರಳಿನ ಕೆಳಗೆ, ಅರ್ಧಕ್ಕರ್ಧ ತೇದುಹೋಗಿತ್ತು. ಕಾಲನ್ನು ಎತ್ತಿಡಲಾಗದೆ ಎಳೆದುಕೊಂಡು ನಡೆದರೆ ಮಾತ್ರ ಹಾಗೆ ಸವೆಯುತ್ತದೆ. ಸವೆತ ನೋಡಿ ಕಾರಣ ಹೇಳುವುದು ಅವನ ಕಸುಬು. ಈ ಸವೆತವನ್ನು ಅವನು ಅಂದೇ ಮೊದಲು ನೋಡಿದ್ದು.

"ಎಷ್ಟು ದಿನದಿಂದ?" ಎಂದು ಕೆಳಗಿನಿಂದಲೇ ಕೇಳಿದ.

"ಯಾವುದು?"

"ಕಾಲು."

ಅವಳು ಬಲಗಾಲನ್ನು ಎಡಗಾಲಿನ ಹಿಂದಕ್ಕೆ ಸರಿಸಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಂಚದ ತುದಿಯಲ್ಲಿ ನಿಂತು ಅಂಗೈಯನ್ನು ಮೇಸ್ತ್ರಿಯ ಹೆಂಡತಿಯ ಬಲಪಾದಕ್ಕೆ ಒಡ್ಡಿ, "ನನ್ನ ಕೈಯನ್ನ ಒತ್ತಿ ಅಮ್ಮ. ಇನ್ನೂ ಜೋರಾಗಿ" ಎಂದಳು. ಅವಳು ಒತ್ತಿದಳು. ಮುಖವೆಲ್ಲ ಬೆವೆತಿತು, ಅಂಗೈ ಇದ್ದಲ್ಲೇ ಇತ್ತು.

"ಇದು ಯಾವಾಗಿಂದ ಹೀಗೆ?"

"ಒಂದೆರಡು ತಿಂಗಳಾಯ್ತೇನೋ ತಾಯಿ."

"ಏಳು ತಿಂಗಳು ಹನ್ನೊಂದು ದಿನ" ಎಂದ ಮೇಸ್ತ್ರಿ. ಆಯಿಲ್ ಬದಲಿಸಿದ ಪ್ರತಿ ಗಾಡಿಯ ತಾರೀಖೂ ಅವನ ನೆನಪಿನಲ್ಲಿರುತ್ತಿತ್ತು.

ಡಾಕ್ಟರ್ ತಿರುಗಿ ನೋಡಿದಳು. "ಅಷ್ಟು ಸರಿಯಾಗಿ ಗೊತ್ತಿತ್ತಾ ನಿಮಗೆ? ಮತ್ತೆ ಇಷ್ಟು ದಿನ ಏನು ಮಾಡ್ತಿದ್ರಿ?"

"ಸಿಲಿಂಡರ್ ಬದಲಾಯಿಸ್ತಿದ್ದೆ."

ಆ ಮಾತು ಡಾಕ್ಟರಿಗೆ ಅರ್ಥವಾಗಲಿಲ್ಲ. ಮಂಚದ ಮೇಲಿದ್ದವಳಿಗೆ ಅರ್ಥವಾಯಿತು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಬೆನ್ನುಹುರಿಯ ಪಕ್ಕದಲ್ಲಿ ಒಂದು ಗಡ್ಡೆ ಬೆಳೆದು ನರಗಳನ್ನು ಅದುಮುತ್ತಿತ್ತು. ಆರು ತಿಂಗಳ ಹಿಂದೆ ಬಂದಿದ್ದರೆ ಕಾಲು ಉಳಿಯುತ್ತಿತ್ತು, ಬಹುಶಃ ಜೀವವೂ, ಎಂದರು. ಡಾಕ್ಟರುಗಳು ಇಂಥದ್ದನ್ನು ಹೇಳಲೇಬೇಕಾಗುತ್ತದೆ. ಕೇಳಿಸಿಕೊಂಡವರು ಅದನ್ನು ಎಲ್ಲಿಡಬೇಕೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಆಪರೇಷನ್ ಮಾಡಿ ಆದಷ್ಟು ತೆಗೆದರು. ಅವಳು ಮನೆಗೆ ಬಂದಳು. ಎರಡು ಕೋಣೆಗಳಲ್ಲಿ ಬೆಳಕಿದ್ದ ಕೋಣೆಗೆ ಮಂಚ ಹಾಕಿದರು. ಭಾಮೈದ, ಒಬ್ಬರೇ ಏರ್ ತೆಗೆಯಬಹುದಾದ ಒತ್ತಡದ ಬಾಟಲಿಯೊಂದನ್ನು ತಂದುಕೊಟ್ಟ. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಮೊದಮೊದಲು ಮೇಸ್ತ್ರಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಮಾತ್ರೆ ಆಯಿತೇ ಎಂದು ಕೇಳುತ್ತಿದ್ದ. ಆಯಿತು ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಕಿಟಕಿ ನೋಡುತ್ತಿದ್ದರು. ಒಂದು ಸಂಜೆ ಅವಳ ಕೈಯಿಂದ ಜಾರಿದ ಚಮಚ ಮಂಚದಡಿ ಸೇರಿತು. ಅದನ್ನು ತೆಗೆಯಲು ಬಗ್ಗಿದವನು ಮೇಲೇಳದೆ, ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂತುಬಿಟ್ಟ. ಅಲ್ಲಿಂದ ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ.

"ಮೂರು ಸಿಲಿಂಡರನ್ನೂ ಇವತ್ತು ಬಿಚ್ಚಿ ನೋಡಿದೆ" ಎಂದ. "ಒಂದರಲ್ಲೂ ಒಂದು ಗೀರಿಲ್ಲ."

"ಗೊತ್ತು."

"ಗೊತ್ತಿದ್ದೂ ಸುಮ್ಮನಿದ್ದೆಯಾ? ನಾಳೆ ಬಿಚ್ಚಿ, ನಾಳೆ ಬಿಚ್ಚಿ ಅಂದೆಯಲ್ಲ."

"ಹೇಳಿದ್ರೆ ಏನು ಮಾಡ್ತಿದ್ರಿ?"

ಅವನು ಸುಳ್ಳು ಹೇಳುವವನಲ್ಲ. "ಸೀಟಿಂದ ಇಳಿಸ್ತಿದ್ದೆ."

"ಅಷ್ಟೇ ತಾನೇ. ಇಳಿದು ಒಳಗೆ ಕೂತ ಮೇಲೆ ನನ್ನ ಜೊತೆ ಏನು ಮಾತಾಡ್ತಿದ್ರಿ? ಉಪ್ಪು ಕಡಿಮೆಯಾಗಿದೆ ಅಂತ. ನಾಳೆ ಸರಿಹೋಗುತ್ತೆ, ನಾಡಿದ್ದು ಸರಿಹೋಗುತ್ತೆ ಅಂದ್ಕೊಂಡೆ. ಇಂಥದ್ದು ಅಂತ ನನಗೇನು ಕನಸು ಬಿದ್ದಿತ್ತಾ?"

ಅವನು ಕೈಯಲ್ಲಿದ್ದ ಚಮಚವನ್ನು ಅಂಗಿಯ ಅಂಚಿಗೆ ಒರೆಸಿದ. ಅವಳೇ, "ಆ ಪೋಸ್ಟ್‌ಮಾಸ್ಟರ್ ಗಾಡಿಗೆ ಹಾಕಿದ್ದು ಒಳ್ಳೇ ಸಿಲಿಂಡರ್ ಬಿಡಿ. ಹತ್ತು ವರ್ಷ ಬರುತ್ತೆ" ಎಂದಳು. ಅವನು, "ಹದಿನೈದು ಬರುತ್ತೆ" ಎಂದ. ಅಂದಿನಿಂದ ಅವನು ಕುರ್ಚಿ ಮುಟ್ಟಲಿಲ್ಲ. ದಿನವೂ ಕೆಲಸ ಮುಗಿಸಿ ಬಂದು ನೆಲದ ಮೇಲೆ ಕೂರುತ್ತಿದ್ದ. ಯಾವ ಗಾಡಿ ಬಂತು, ಯಾವ ಡ್ರಮ್ಮಿನಲ್ಲಿ ಇಲಿ ಗೂಡು ಕಟ್ಟಿತ್ತು, ಯಾವ ಮಾಲೀಕ ಹೆಂಡತಿಯ ಹತ್ತಿರ ಬೈಸಿಕೊಂಡ, ಎಲ್ಲ ಹೇಳುತ್ತಿದ್ದ. ಎಂಟು ತಿಂಗಳು ಹಾಗೆ ನಡೆಯಿತು. ಅಷ್ಟರಲ್ಲಿ ಎಡಗಾಲೂ ಹೋಯಿತು, ಆಮೇಲೆ ಕೈ, ಕೊನೆಯ ವಾರದಲ್ಲಿ ಅವಳ ಕಡೆಯಿಂದ ಮಾತು.

ಅವಳು ಹೋದದ್ದು ಒಂದು ಮಧ್ಯಾಹ್ನ, ರಜೆ ಶುರುವಾದ ವಾರ. ಗ್ಯಾರೇಜಿನಲ್ಲಿ ಒಂದು ಮನೆಗಾಡಿ ನಾಲ್ಕೂ ಚಕ್ರ ಕಳಚಿಕೊಂಡು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅಕ್ಕನ ಬಳಿ ಕೂತಿದ್ದ ಭಾಮೈದ ಬಾಗಿಲಿಗೆ ಬಂದು, "ಭಾವ, ಒಳಗೆ ಬನ್ನಿ" ಎಂದ. ಮೇಸ್ತ್ರಿ ಒಳಗೆ ಹೋದ, ನೋಡಿದ, ಹೊರಗೆ ಬಂದ. ಬಂದವನು ಒಂದೊಂದಾಗಿ ನಾಲ್ಕು ಚಕ್ರವನ್ನೂ ಹಾಕಿ, ನಟ್ಟುಗಳನ್ನು ಬಿಗಿದು, ಗಾಡಿಯನ್ನು ನೆಲಕ್ಕಿಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಮರದ ಅಡೆ ಕೊಟ್ಟ. ಅಷ್ಟರಲ್ಲಿ ನೆರೆಹೊರೆಯ ನಾಲ್ಕು ಜನ ಸೇರಿದ್ದರು. ಎಂಥ ಕಲ್ಲು ಮನುಷ್ಯ ಎಂದು ಅವರಲ್ಲೊಬ್ಬರು ಪಕ್ಕದವರಿಗೆ ಹೇಳಿದ್ದು ಅವನಿಗೂ ಕೇಳಿಸಿತು.

ಗಾಡಿಯ ಮಾಲೀಕ ಊಟ ಮುಗಿಸಿ ಬಂದ. ಅವನಿಗೆ ವಿಷಯ ತಿಳಿದಿರಲಿಲ್ಲ.

"ಚಕ್ರ ಕೂತಿದೆ. ಹೊರಡಬಹುದಾ ಮೇಸ್ತ್ರಿ?"

"ಇಲ್ಲ. ಏರ್ ತೆಗೆದಿಲ್ಲ. ಪೆಡಲ್ ಒತ್ತಿದ್ರೆ ಗಾಡಿ ನಿಲ್ಲಲ್ಲ."

"ಅದಕ್ಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ ಕೆಲಸ. ಇವತ್ತು ನನ್ನ ಕೈಯನ್ನ ನಾನು ನಂಬಲ್ಲ. ಬೇರೆ ಗ್ಯಾರೇಜಿನವರನ್ನ ಇಲ್ಲಿಗೇ ಕರೆಸಿ. ಅವರು ಬರೋ ತನಕ ಗಾಡಿ ಅಲುಗಾಡಿಸಬೇಡಿ."

ಗಾಡಿಯ ಕೀಲಿಯನ್ನು ಭಾಮೈದನ ಕೈಗಿತ್ತು, ಯಾರು ಕೇಳಿದರೂ ಕೊಡಬೇಡ ಎಂದ. ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡ. ಆಮೇಲೆ ಹೆಂಡತಿಯಿದ್ದ ಕೋಣೆಗೆ ಹೋದ.