ತೊಗರಿ ಗೋದಾಮಿನ ರಾಕ್ ಗಾಯಕ

ನರೋಣಾದ ನಮ್ಮ ಓಣಿಯ ರಾಕ್ ಗಾಯಕನ ತಂಡದಲ್ಲಿ ಅವನೊಬ್ಬನೇ ಇದ್ದ; ಹೀಗಾಗಿ ಭಿನ್ನಾಭಿಪ್ರಾಯಗಳಿರಲಿಲ್ಲ. ಕಾಲಲ್ಲಿ ಡ್ರಮ್ಮು, ಕೈಯಲ್ಲಿ ಗಿಟಾರು, ಬಾಯಲ್ಲಿ ಹಾಡು. ಆಲ್ಬಮ್ಮಿಗೆ ಜನರೆದುರಿನ ಜೀವಂತ ಸದ್ದೇ ಬೇಕೆಂದು ನಮ್ಮನ್ನೆಲ್ಲ ತೊಗರಿ ಗೋದಾಮಿನಲ್ಲಿ ಕೂರಿಸಿ ರೆಕಾರ್ಡಿಂಗ್ ಶುರುಮಾಡಿದ.

“ಕತ್ರಿ ಹಚ್ಚಂಗಿಲ್ರಿ, ಒಂದ ಏಟಿಗೆ ಆಗಬೇಕು. ಯಾರೂ ಉಸಿರು ಬಿಡಬ್ಯಾಡ್ರಿ” ಎಂಬುದು ಅವನ ಮಂತ್ರ.

ನಮ್ಮ ಕೆಮ್ಮು, ಸೀನುಗಳಿಂದ ಕೊನೆಯ ಹಾಡು ಆರು ಸಲ ಅರ್ಧಕ್ಕೇ ನಿಂತಿತು. ಏಳನೆಯ ಸಲ ಹಾಡು ಏರುತ್ತಿದ್ದಂತೆ, ಭಜನೆಯಲ್ಲಿ ಹುರಿದುಂಬಿಸಿಯೇ ರೂಢಿಯಾದ ಅವನ ಅಜ್ಜಿ ತಡೆಯಲಾರದೆ ಕೂಗಿದಳು: “ಭಲೇ ಮಗನ! ಬಾರಿಸ್ಲೇ!”

ನಾವು ಆಕೆಯನ್ನು ಕೊಲೆಗಾತಿಯಂತೆ ನೋಡಿದೆವು. ಅವನು ನಿಲ್ಲಿಸಲಿಲ್ಲ, ನಕ್ಕು, ಮೇಲಿನ ತಗಡು ನಡುಗುವಂತೆ ತಂತಿ ಹೊಡೆದ. ಮುಗಿದಾಗ ಗೋದಾಮೇ ಎದ್ದು ನಿಂತು ಸಿಳ್ಳೆ ಹಾಕುತ್ತಿತ್ತು.

“ಹಾಡಿನಾಗಿಂದ ನನ್ನ ದನಿ ತೆಗಿ ಅಪ್ಪಾ” ಎಂದಳು ಅಜ್ಜಿ, ಅಳುಕುತ್ತ.

“ಇಷ್ಟೊತ್ತು ಇದೊಂದ ಕಮ್ಮಿ ಬಿದ್ದಿತ್ತು ಬೇ!”