‘ನೋಡೋಣ’ ಅಂದ ತಪ್ಪಿಗೆ

ನಮ್ಮ ಮಹಡಿ ಮನೆಯಲ್ಲಿ ನಾಲ್ಕು ವರ್ಷ ಸುಡಾನಿನವನೊಬ್ಬ ಬಾಡಿಗೆಗಿದ್ದ. ಚಂದಾಪುರದ ನಮ್ಮ ಬೀದಿಗೆ ಆಫ್ರಿಕಾದವರೆಲ್ಲ ‘ನೈಜೀರಿಯಾ’. ಬೀದಿಯನ್ನು ಬೈದು ಪ್ರಯೋಜನವಿಲ್ಲ. ಪಾಸ್‌ಪೋರ್ಟಿನ ನಕಲು ನನ್ನ ಫೈಲಿನಲ್ಲೇ ಇದ್ದರೂ ಮೊದಲ ವಾರ ನಾನೂ ಹಾಗೇ ಅಂದಿದ್ದೆ. ಅವನು ಮೂವತ್ತು ದಾಟಿದ ಮನುಷ್ಯ. ತನ್ನ ಊರಿನಲ್ಲಿ ಫಾರ್ಮಸಿ ಮೇಷ್ಟ್ರಾಗಿದ್ದವನು ಇಲ್ಲಿ ಪಿಎಚ್.ಡಿ. ಮಾಡಲು ಬಂದಿದ್ದ.

ನಾನು ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯಲ್ಲಿ ದಾಖಲೆ ಪರಿಶೀಲಿಸುವವನು. ಮಾತ್ರೆ ಮಾಡುವವರು ಬೇರೆ. ಮಾಡಿದ್ದನ್ನು ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡುವವನು ನಾನು. ನಮ್ಮಲ್ಲಿ ಒಂದು ಅಂಕಿ ತಪ್ಪಾದರೆ ಅದರ ಮೇಲೆಯೇ ತಿದ್ದುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮಾಡಿ ತಾರೀಖು ಹಾಕಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿದವನು ಮದುವೆ ಕರೆಯೋಲೆಯಲ್ಲೂ ಮೊದಲು ತಿದ್ದುಪಡಿ ಹುಡುಕುತ್ತಾನೆ. ಮೇಲಾಗಿ ನಾನು ಹುಟ್ಟಾ ಅಂಜುಬುರುಕ. ಪೇಟೆಗೆ ಹೊರಟವನು ಬೀಗ ಹಾಕಿದೆನೋ ಇಲ್ಲವೋ ಎಂದು ಬೊಮ್ಮನಹಳ್ಳಿಯಿಂದ ವಾಪಸ್ ಬಂದದ್ದುಂಟು. ಬಾಗಿಲು ತೆರೆದ ಹೆಂಡತಿ, “ಒಳಗ ನಾನೇ ಅದೀನಲ್ರೀ, ಬೀಗ ಯಾಕ ಬೇಕಿತ್ತು?” ಅಂದಿದ್ದಳು.

ಅವಳು ಗದಗಿನ ಕಡೆಯವಳು. ಅವಳಿಗೂ ಮೇಲಿನವನಿಗೂ ಮೊದಲ ತಿಂಗಳಲ್ಲೇ ಜೋಳದಿಂದ ಸ್ನೇಹ ಬೆಳೆಯಿತು. ಅವಳ ರೊಟ್ಟಿ ನೋಡಿದ ಕೂಡಲೇ, ತಮ್ಮಲ್ಲೂ ಜೋಳವೇ, ಹುಳಿ ಬರಿಸಿ ಇನ್ನೂ ತೆಳ್ಳಗೆ ಹುಯ್ಯುತ್ತಾರೆ ಎಂದು ಕೈಯಾಡಿಸಿ ತೋರಿಸಿದ. ನನ್ನ ರಾಗಿಮುದ್ದೆ ನೋಡಿ “ಅಸೀದಾ!” ಎಂದು ಕೂಗಿದ, ಅವರಲ್ಲೂ ಮುದ್ದೆ ಇದೆಯಂತೆ. “ನೋಡ್ರಿ, ನಿಮ್ಮ ಆನೇಕಲ್ಲಿಗಿಂತ ಸುಡಾನ ನಮಗ ಹತ್ರ ಐತಿ” ಎಂದು ಹೆಂಡತಿ ನನ್ನನ್ನು ಚುಚ್ಚಿದಳು. ಅವಳನ್ನು ಅಕ್ಕ ಎನ್ನುತ್ತಿದ್ದ, ನನ್ನನ್ನು ಸಾರ್. ಸಣ್ಣ ನೋಟ್‌ಬುಕ್ಕಿನಲ್ಲಿ ಕನ್ನಡದ ಮಾತುಗಳನ್ನು ಅರಬ್ಬಿಯಲ್ಲಿ ಬರೆದುಕೊಳ್ಳುತ್ತಿದ್ದ.

ಅವರ ದೇಶದಲ್ಲಿ ಯುದ್ಧ ಶುರುವಾದ ದಿನ ಅವನು ಕಾಲೇಜಿಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದ. ಒಂದು ಕಡೆ ಸೇನೆ, ಇನ್ನೊಂದು ಕಡೆ ಸೇನೆಯೇ ಸಾಕಿದ ಅರೆಸೇನೆ. ಏನಾದರೂ ಕೇಳಬೇಕಲ್ಲ ಎಂದು ಕ್ರಿಕೆಟ್ ಸ್ಕೋರ್ ಕೇಳುವವನಂತೆ ಕೇಳಿದೆ:

“ಇಬ್ರಲ್ಲಿ ಯಾರು ಒಳ್ಳೆಯೋರು?”

“ಸಾರ್, ಮೊದಲು ಇಬ್ರೂ ಸೇರಿ ನಮಗೆ ಹೊಡೆದ್ರು. ಈಗ ಬೇರೆಬೇರೆ ಹೊಡೀತಾರೆ.”

ಸೇನೆಯ ಆಡಳಿತ ಬೇಡ, ನಮ್ಮದೇ ಸರ್ಕಾರ ಬೇಕು ಎಂದು ರಾಜಧಾನಿಯ ಬೀದಿಯಲ್ಲಿ ತಿಂಗಳುಗಟ್ಟಲೆ ಕೂತವರಲ್ಲಿ ಇವನೂ ಒಬ್ಬನಾಗಿದ್ದ ಎನ್ನುವುದು ಆಮೇಲೆ ಹೆಂಡತಿಯಿಂದ ತಿಳಿಯಿತು. ನನಗೆ ಹೇಳಿರಲಿಲ್ಲ. ಹೇಳಿದ್ದರೆ ಹೆದರುತ್ತಿದ್ದೆ ಎನ್ನುವಷ್ಟು ಅವನು ನನ್ನನ್ನು ಓದಿಕೊಂಡಿದ್ದ.

ಅವನ ತಾಯಿ, ತಂಗಿ ದಾರ್ಫುರದ ಎಲ್ ಫಾಶರ್ ಎಂಬ ಊರಿನಲ್ಲಿದ್ದರು. ಬರಬರುತ್ತಾ ಅರೆಸೇನೆ ಆ ಊರನ್ನು ಸುತ್ತುವರಿದು, ಒಳಗೆ ಕಾಳು ಹೋಗದಂತೆ ಮಾಡಿತು. ಅವನ ಲೆಕ್ಕಾಚಾರ ಸರಳವಾಗಿತ್ತು. ಪ್ರಬಂಧ ಮುಗಿಸಲು ಇನ್ನು ಆರು ತಿಂಗಳು ಸಾಕು. ಪದವಿ ಕೈಗೆ ಬಂದರೆ ಒಮಾನಿನ ಕಾಲೇಜೊಂದರಲ್ಲಿ ಕೆಲಸ ಕೊಡುವುದಾಗಿ ಹೇಳಿದ್ದರು. ಕೆಲಸ ಸಿಕ್ಕರೆ ತಾಯಿ, ತಂಗಿಯನ್ನು ಹೇಗಾದರೂ ಹೊರಗೆ ತರಿಸಿಕೊಳ್ಳಬಹುದು. ಆದರೆ ಆ ಆರು ತಿಂಗಳಿಗೆ ವೀಸಾ ಮುಂದುವರಿಯಬೇಕಿತ್ತು, ಇದ್ದದ್ದು ಮುಗಿಯಲು ಒಂದು ತಿಂಗಳಷ್ಟೇ ಉಳಿದಿತ್ತು. ಕಾಲೇಜಿನ ಪತ್ರ ಸಿಕ್ಕಿತ್ತು. ಉಳಿದದ್ದು ಮನೆ ಮಾಲೀಕನದು: ಹೊಸ ಕರಾರು ಪತ್ರ, ‘ಇವರು ನಮ್ಮಲ್ಲೇ ಇದ್ದಾರೆ’ ಎಂದು ಒಂದು ಒಕ್ಕಣೆ, ಕೆಳಗೆ ಸಹಿ. ಊರಿನಲ್ಲಿ ಎಲ್ಲರೂ ಮಾಡುವಂತೆ ನಾನು ಹನ್ನೊಂದೇ ತಿಂಗಳಿಗೆ ಕರಾರು ಮಾಡುತ್ತಿದ್ದೆ. ಹಳೆಯದು ಮುಗಿದಿತ್ತು.

ಒಂದು ಭಾನುವಾರ ಬೆಳಿಗ್ಗೆ ಕಾಗದಗಳನ್ನು ತಂದ. ಪಾಸ್‌ಪೋರ್ಟನ್ನೂ ತೋರಿಸಿದ. ಅವಧಿ ಮುಗಿದ ಪುಸ್ತಕದ ಪುಟವೊಂದರಲ್ಲಿ ಮೊಹರು ಒತ್ತಿ, ಪೆನ್ನಿನಲ್ಲಿ ಹೊಸ ತಾರೀಖು ಬರೆದಿದ್ದರು.

“ಇದೇನಿದು, ಕೈಯಲ್ಲಿ ಬರೆದಿದ್ದಾರೆ?”

“ಪುಸ್ತಕ ಮಾಡೋ ಆಫೀಸು ಸುಟ್ಟೋಯ್ತು ಸಾರ್. ಎಂಬೆಸಿ ಈಗ ಪೆನ್ನಲ್ಲೇ ಬರೀತಾರೆ.”

ನಾನು ಪುಟವನ್ನು ಬೆಳಕಿಗೆ ಹಿಡಿದೆ. ಆರೋ ಎಂಟೋ, ಒಂದು ಅಂಕಿಯ ಮೇಲೆ ಪೆನ್ನು ಎರಡು ಸಲ ಓಡಿತ್ತು. ಪಕ್ಕದಲ್ಲಿ ಸಹಿಯಿಲ್ಲ. ಕಾರ್ಖಾನೆಯಲ್ಲಾಗಿದ್ದರೆ ಆ ಹಾಳೆ ಅಲ್ಲೇ ನಿಲ್ಲುತ್ತಿತ್ತು. ದೇಶವೇ ಸುಟ್ಟುಹೋಗುತ್ತಿರುವಾಗ ನಾನು ಅದರ ತಿದ್ದುಪಡಿಗೆ ಸಹಿ ಹುಡುಕುತ್ತಿದ್ದೆ.

“ನೋಡೋಣ” ಅಂದೆ.

“ಥ್ಯಾಂಕ್ಯೂ ಸಾರ್” ಎಂದು ಎದೆಯ ಮೇಲೆ ಕೈಯಿಟ್ಟು ಮೇಲೆ ಹೋದ.

ಮರುದಿನ ಕಾರ್ಖಾನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಗೆಳೆಯನನ್ನು ಕೇಳಿದೆ. ನನ್ನಂಥವನು ಧೈರ್ಯ ಬೇಕಾದಾಗ ತನಗಿಂತ ಪುಕ್ಕಲನನ್ನೇ ಹುಡುಕಿ ಕೇಳುತ್ತಾನೆ.

“ಸಹಿ ಗಿಹಿ ಹಾಕ್ಬಿಟ್ಟೀಯ ಗುರು! ನಾಳೆ ಏನಾದ್ರೂ ಆದ್ರೆ ಪೊಲೀಸ್ನೋರು ಅವನ್ನ ಹುಡುಕಲ್ಲ, ನಿನ್ನ ಹುಡುಕ್ತಾರೆ.”

“ಪಾಪ ಕಣೋ, ಒಳ್ಳೆಯೋನು.”

“ಎಲ್ರೂ ಒಳ್ಳೆಯೋರೇ ಮಗಾ. ಪೇಪರ್‌ನಲ್ಲಿ ಬರೋ ತನ್ಕ.”

ಹತ್ತು ದಿನ ಬಿಟ್ಟು ಅವನು ಮತ್ತೆ ಕೇಳಿದ. ಮತ್ತೆ “ನೋಡೋಣ” ಅಂದೆ. ನಮ್ಮಲ್ಲಿ ಎರಡನೇ ನೋಡೋಣಕ್ಕೆ ಎಂಥವನೂ ಎದ್ದು ಹೋಗುತ್ತಾನೆ. ಬೇರೆ ದಾರಿ ಹುಡುಕಿಕೊಳ್ಳುತ್ತಾನೆ. ಇವನು ಖುಷಿಯಿಂದಲೇ ಹೋದ. ಅರ್ಥವಾಯಿತಲ್ಲ ಸದ್ಯ ಎಂದು ನಾನು ಉಸಿರುಬಿಟ್ಟೆ.

ಅದೇ ವಾರ ಒಂದು ಸಂಜೆ ಅಂಗಡಿ ಬೀದಿಯಲ್ಲಿ ಸಿಕ್ಕ. ಪಶು ಆಹಾರದ ಅಂಗಡಿಯ ಮುಂದೆ ನಿಂತು ಮೂಟೆಯೊಂದನ್ನೇ ನೋಡುತ್ತಿದ್ದ.

“ಸಾರ್, ಇದು ಕನ್ನಡದಲ್ಲಿ ಏನು?”

“ಹಿಂಡಿ. ಕಡಲೆಕಾಯಿ ಎಣ್ಣೆ ತೆಗೆದ ಮೇಲೆ ಉಳಿಯತ್ತಲ್ಲ, ಅದು.”

“ನಂದು ಅಮ್ಮ ಈಗ ಇದು ತಿಂತಾರೆ.”

ನಾನು ನಕ್ಕೆ. ಭಾಷೆ ತಪ್ಪಿದ ಎಂದುಕೊಂಡು, ಮೇಷ್ಟ್ರಿಗೇ ಪಾಠ ಹೇಳುವವನಂತೆ, “ಅಲ್ಲಪ್ಪಾ, ಇದು ಹಸು ತಿನ್ನೋದು. ಹಸು!” ಅಂದೆ.

“ಹೌದು ಸಾರ್. ಹಸುದೇ. ಊರಲ್ಲಿ ಬೇರೆ ಏನೂ ಇಲ್ಲ.”

ಅಂಗಡಿಯವನು “ಎಷ್ಟು ಕೆ.ಜಿ. ಕೊಡ್ಲಿ ಅಣ್ಣ?” ಎಂದ. ನಾವಿಬ್ಬರೂ ಮನೆಗೆ ನಡೆದೆವು. ನಮ್ಮ ತಂದೆಯ ಕಾಲದಲ್ಲಿ ಇದೇ ಚಂದಾಪುರದಲ್ಲಿ ನಮಗೆ ಹಸುಗಳಿದ್ದವು. ಹಿಂಡಿ ನೆನೆಸಿದ ಬಕೆಟ್ಟಿನ ವಾಸನೆ ನನಗೆ ಚೆನ್ನಾಗಿ ಗೊತ್ತು. ಆ ಸಂಜೆಯೇ ಸಹಿ ಹಾಕಿದೆ ಎಂದು ಬರೆಯಲು ಕೈ ತುಡಿಯುತ್ತದೆ. ಹಾಕಲಿಲ್ಲ. ಆ ಅಂಕಿ ಆರೋ ಎಂಟೋ ಎಂದು ಯೋಚಿಸುತ್ತಾ ಮಲಗಿದೆ.

ಮೂರನೇ ಸಲ ಅವನು ಕೇಳಲೇ ಇಲ್ಲ. ಮೂರು ವಾರದ ಮೇಲೆ ಹೆಂಡತಿ ರೊಟ್ಟಿ ಕೊಡಲು ಮಹಡಿಗೆ ಹೋದವಳು ಧಡಧಡ ಇಳಿದು ಬಂದಳು.

“ಆ ಪತ್ರ ಎಲ್ಲಿಗ್ ಬಂತ್ರೀ?”

“ಯಾವ ಪತ್ರ?”

“ಅಂವ ಕಾಯಾಕತ್ತಾನ. ‘ಸಾರೂ ನಾನೂ ಇಬ್ರೂ ಸೇರಿ ನೋಡ್ತೀವಿ ಅಂದಾರ ಅಕ್ಕಾ, ಎರಡು ಸಲ ಹೇಳ್ಯಾರ’ ಅಂತಾನ. ಪುಸ್ತಕದಾಗ ಬರಕೊಂಡಾನ!”

ನೋಟ್‌ಬುಕ್ಕಿನಲ್ಲಿ ಅವನು ಬರೆದುಕೊಂಡದ್ದು ವ್ಯಾಕರಣದ ಪ್ರಕಾರ ಸರಿಯಾಗಿಯೇ ಇತ್ತು. ನೋಡುತ್ತೇನೆ ಅಂದರೆ ನಾನೊಬ್ಬನೇ. ನೋಡೋಣ ಅಂದರೆ ನೀನೂ ನಾನೂ, ಜೊತೆಗೆ. ಹುಟ್ಟಿದಾಗಿನಿಂದ ಈ ಭಾಷೆ ಆಡಿದ ನನಗೆ ಆ ಪದದೊಳಗೆ ಇನ್ನೊಬ್ಬ ಮನುಷ್ಯನಿದ್ದಾನೆ ಎಂದು ಗೊತ್ತೇ ಇರಲಿಲ್ಲ.

“ಇಲ್ಲ ಅನ್ನೋದನ್ನ ಹಂಗಂದೆ ಕಣೇ” ಎಂದು ಗೊಣಗಿದೆ.

“ನಮ್ಮ ಕಡಿ ಆಗದಿದ್ರ ವಲ್ಲೆ ಅಂತೀವಿ. ಒಂದ ಮಾತು. ಕೇಳಿದಾಂವ ಎದ್ದು ಬ್ಯಾರೆ ಮನಿ ನೋಡ್ಕೋತಾನ. ವಲ್ಲೆ ಅನ್ನಾಕೂ ಧೈರ್ಯ ಇಲ್ಲೇನ್ರೀ ನಿಮಗ?”

ಆಗ ಸಹಿ ಹಾಕಿದೆ. ಒಂದಲ್ಲ, ಪ್ರತಿ ಪುಟಕ್ಕೂ. ರಜೆ ಹಾಕಿ ಅವನ ಜೊತೆ ವೀಸಾ ಕಚೇರಿಗೂ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, ಹಿಂದಿನ ವಾರವೇ ವೀಸಾದ ಅವಧಿ ದಾಟಿದೆ ಅಂದಳು. ಮುಂದಿನ ಕೆಲವು ವಾರ ಅರ್ಜಿ, ವಿವರಣೆ, ಮತ್ತೆ ಅರ್ಜಿ. ನಾನೂ ಎರಡು ಮೂರು ಬರೆದುಕೊಟ್ಟೆ. ತಪ್ಪಿಲ್ಲದ ಇಂಗ್ಲಿಷು, ತಿದ್ದುಪಡಿಯಿಲ್ಲದ ಹಾಳೆ. ‘ಅನಿವಾರ್ಯ ಕಾರಣಗಳಿಂದ ತಡವಾಯಿತು’ ಎಂದು ಬರೆದೆ. ಅನಿವಾರ್ಯ ಕಾರಣ ಕುರ್ಚಿಯಲ್ಲಿ ಕೂತು ಬರೆಯುತ್ತಿತ್ತು. ಕೊನೆಗೆ ದೇಶ ಬಿಡಲು ಅನುಮತಿ ಪತ್ರವಷ್ಟೇ ಬಂತು. ಆ ಕಚೇರಿಯವರನ್ನು ದೂರಲಾರೆ. ತಾರೀಖು ದಾಟಿದ ಕಾಗದವನ್ನು ನಾನೂ ಜೀವಮಾನವಿಡೀ ಹಿಂದಕ್ಕೆ ಕಳಿಸಿದ್ದೇನೆ.

ಅವನು ಉಗಾಂಡಾದ ಕಂಪಾಲಾಕ್ಕೆ ಹೊರಟ. ಸುಡಾನಿನಿಂದ ಓಡಿಬಂದವರನ್ನು ಅಲ್ಲಿ ಒಳಗೆ ಬಿಡುತ್ತಾರಂತೆ. ಪ್ರಬಂಧದ ಅರ್ಧ ಪ್ರಯೋಗಗಳು ಇಲ್ಲಿನ ಲ್ಯಾಬಿನಲ್ಲೇ ಉಳಿದವು. ಹೊರಡುವ ದಿನ ಗೇಟಿನ ಹತ್ತಿರ ನನ್ನನ್ನು ತಬ್ಬಿಕೊಂಡು, “ಸಾರ್, ನೀವು ತುಂಬಾ ಟ್ರೈ ಮಾಡಿದ್ರಿ” ಅಂದ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಹೇಳಿಬಿಡ್ರಿ ಎಂಬ ನೋಟ. ನಾನು ಅವನ ಸೂಟ್‌ಕೇಸಿನ ಚಕ್ರ ಸರಿಯಿದೆಯೋ ಎಂದು ಬಗ್ಗಿ ಪರೀಕ್ಷಿಸಿದೆ.

ಕೆಲವು ತಿಂಗಳಿಗೆ ಎಲ್ ಫಾಶರ್ ಅರೆಸೇನೆಯ ಕೈಗೆ ಹೋಯಿತು. ನಮ್ಮ ಪತ್ರಿಕೆಯ ಒಳಪುಟದಲ್ಲಿ ಎರಡು ಇಂಚು ಸುದ್ದಿ. ಅವನಿಗೆ ಫೋನು ಮಾಡಬೇಕೆಂದು ನಾಲ್ಕು ದಿನ ಯೋಚಿಸಿದೆ. ಐದನೆಯ ದಿನ ಅವನೇ ಮಾಡಿದ. ತಂಗಿ ಹಗಲು ರಾತ್ರಿ ನಡೆದು ತವಿಲಾ ಎಂಬ ಊರಿನ ಶಿಬಿರ ಮುಟ್ಟಿದ್ದಾಳೆ. ಅಮ್ಮ ದಾರಿಯಲ್ಲಿ ಕೈ ತಪ್ಪಿದ್ದಾಳೆ. ಹುಡುಕುತ್ತಿದ್ದಾರೆ.

ಅವನೇ ಸಾವರಿಸಿಕೊಂಡು, ಕೋಣೆಯಲ್ಲಿ ತನ್ನ ಊರಿನವರು ಆರು ಜನ ಇದ್ದೇವೆ, ಅವರಿಗೆಲ್ಲ ನಿಮ್ಮ ವಿಷಯ ಹೇಳಿದ್ದೇನೆ ಎಂದು ಫೋನನ್ನು ಸ್ಪೀಕರಿಗೆ ಹಾಕಿದ. ಒಟ್ಟಿಗೆ ಸಲಾಂ ಹೇಳಿದರು. ಅವರಲ್ಲಿ ವಯಸ್ಸಾದ ದನಿಯೊಂದು ಇಂಗ್ಲಿಷಿನಲ್ಲಿ, ನಮ್ಮವನನ್ನು ಉಳಿಸಿಕೊಳ್ಳಲು ಕೆಲಸ ಬಿಟ್ಟು ಕಚೇರಿ ಕಚೇರಿ ಅಲೆದಿರಂತೆ, ದೇವರು ನಿಮ್ಮ ಮನೆ ತಂಪಾಗಿಟ್ಟಿರಲಿ ಎಂದಿತು.

“ಇಲ್ಲ ಇಲ್ಲ, ನಾನೇನೂ ಮಾಡ್ಲಿಲ್ಲ” ಅಂದೆ. ಜೀವನದಲ್ಲಿ ಒಮ್ಮೆಯಾದರೂ ‘ಇಲ್ಲ’ ಎಂಬ ಮಾತು ನೆಟ್ಟಗೆ ಬಾಯಿಂದ ಬಂದಿತ್ತು.

ಅವನು ಅದನ್ನು ಅರಬ್ಬಿಗೆ ಅನುವಾದಿಸಿದ. ಆ ಕಡೆ ಮೆಚ್ಚುಗೆಯ ಗುಜುಗುಜು ಎದ್ದಿತು. “ದೊಡ್ಡ ಮನುಷ್ಯರು ಹೀಗೇ ಹೇಳ್ತಾರೆ ಅಂತಾರೆ ಸಾರ್” ಅಂದ.